ಫಿಲಿಪೀನ್ಸ್‌ನ ಪನದೆರಿಯಾದಲ್ಲಿ ಬಿಸಿ ಸಿಹಿ ಬ್ರೆಡ್ ಕೊಳ್ಳುವ ಬಗೆ

ಫಿಲಿಪೀನ್ಸ್‌ನ ಬಡಾವಣೆಗಳಲ್ಲಿ ಕಾಣುವ ಪನದೆರಿಯಾ ಎಂಬ ಸಣ್ಣ ಬೇಕರಿಗಳು ನಸುಕಿನಲ್ಲೇ ತೆರೆಯುತ್ತವೆ. ಆದರೆ ಆ ಹೊತ್ತಿನಲ್ಲಿ ಹೆಚ್ಚಾಗಿ ಮಾರಾಟವಾಗುವುದು ಬ್ರೆಡ್ ಪುಡಿ ಹೊದಿಸಿದ ಪಾಂದೆಸಾಲ್ ಎಂಬ ಸಾದಾ ಬನ್ ಆಗಿರುವುದರಿಂದ, ಸಿಹಿ ಬ್ರೆಡ್ಡನ್ನೇ ಬಯಸುವವರು ಮಧ್ಯಾಹ್ನ 3 ಗಂಟೆಯ ಆಸುಪಾಸಿನಲ್ಲಿ, ಅಂದರೆ ಮೆರಿಯೆಂದಾ ಎಂಬ ತಿಂಡಿಯ ವೇಳೆಗೆ, ಹೋಗುವುದು ಮೇಲು.

ಗಾಜಿನ ಕಪಾಟಿನಲ್ಲಿರುವುದನ್ನು ತಕ್ಷಣ ಆರಿಸದೆ, ಈಗಷ್ಟೇ ಬೆಂದದ್ದು ಯಾವುದೆಂದು ಮೊದಲು ಕೇಳಬೇಕು. ಸುರುಳಿ ಸುತ್ತಿದ ಮೆತ್ತನೆಯ ಬ್ರೆಡ್ಡಿನ ಮೇಲೆ ಬೆಣ್ಣೆ, ಸಕ್ಕರೆ, ತುರಿದ ಚೀಸ್ ಇರುವ ಎನ್ಸಾಯ್ಮಾಡಾ ಎಲ್ಲರಿಗೂ ಪ್ರಿಯವಾದರೂ, ಸಿಹಿಗೊಳಿಸಿದ ತೆಂಗಿನ ತುರಿಯ ಹೂರಣವುಳ್ಳ ಪಾನ್ ದೆ ಕೊಕೊ ಬಿಸಿಯಾಗಿರುವಾಗ ಅದನ್ನೂ ಮೀರಿಸುತ್ತದೆ ಎಂಬುದು ನನ್ನ ಅಭಿಪ್ರಾಯ. ಕಡುಗೆಂಪು ಹೂರಣದ ಕಲಿಹಿಮ್ ಕೂಡ ಗಮನಾರ್ಹ. ಉಳಿದ ಬ್ರೆಡ್ಡನ್ನೇ ಹಾಲು, ಸಕ್ಕರೆಯೊಂದಿಗೆ ಬೇಯಿಸಿ ಆ ಹೂರಣವನ್ನು ಮಾಡುವ ರೂಢಿಯಿದೆ, ಮಿತವ್ಯಯಕ್ಕೆ ಇಷ್ಟು ರುಚಿ ಅಪರೂಪವೇ ಸರಿ.

ಮೊಟ್ಟೆ ಸಾಮಾನ್ಯವಾಗಿ ಬಳಕೆಯಲ್ಲಿರುವುದರಿಂದ, ಕೆಲವು ತಿನಿಸುಗಳಲ್ಲಿ ಹಂದಿಕೊಬ್ಬೂ ಇರುವುದರಿಂದ, ಸಸ್ಯಾಹಾರಿಗಳು ವಿಚಾರಿಸಿಯೇ ಕೊಳ್ಳಬೇಕು. ಬ್ರೆಡ್ಡನ್ನು ಬಿಡಿಯಾಗಿಯೇ ಮಾರುವುದರಿಂದ ಪೆಸೊ ನಾಣ್ಯಗಳನ್ನೂ ಸಣ್ಣ ನೋಟುಗಳನ್ನೂ ಇಟ್ಟುಕೊಂಡಿರಬೇಕು. ಬಿಸಿ ಬ್ರೆಡ್ಡನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದರೆ ಹಬೆಯಿಂದ ಮೇಲ್ಪದರ ತೇವಗೊಳ್ಳುವುದರಿಂದ, ಕಾಗದದ ಪೊಟ್ಟಣದಲ್ಲೇ ಕೇಳಿ ಪಡೆಯಬೇಕು.