ಸ್ಟ್ರಟ್ ಬದಲಿಸಿದ ಮೇಲೆ ಕಾರಿನ ಮುಂಭಾಗ ಎತ್ತರ ನಿಂತಿತ್ತು, ಸರಿಹೋದದ್ದು ಹೀಗೆ

ನನ್ನ ಹಳೇ ಕಾರಿಗೆ ಶಿವಮೊಗ್ಗದಲ್ಲಿ ಮುಂದಿನ ಎರಡೂ ಸ್ಟ್ರಟ್ (ಸ್ಪ್ರಿಂಗ್ ಹೊತ್ತು ಕುಲುಕಾಟ ತಡೆಯುವ ಶಾಕ್ ಅಬ್ಸಾರ್ಬರ್ ಕಂಬ) ಹೊಸದು ಹಾಕಿಸಿದೆ. ಕಂಪನಿಯದ್ದಲ್ಲ, ಹೊರಗಿನದ್ದು. ಸ್ಪ್ರಿಂಗ್ ಹಳೆಯದೇ. ಮರುದಿನ ನೋಡಿದರೆ ಮುಂಭಾಗ ಎತ್ತರ, ಎಡಗಡೆ ಇನ್ನೂ ಜಾಸ್ತಿ. ಚಕ್ರದ ನಡುವಿನಿಂದ ಫೆಂಡರ್ (ಚಕ್ರದ ಮೇಲಿನ ಬಾಡಿ ತಗಡು) ಅಂಚಿಗೆ ಅಳೆದೆ. ಎಡ 395 ಮಿ.ಮೀ., ಬಲ 384. ಆಗುಂಬೆ ಘಾಟಿಯ ತಿರುವುಗಳಲ್ಲಿ ಎಡಗಡೆ ಟಕ್ ಟಕ್ ಶಬ್ದ.

"ಓಡಿಸ್ತಾ ಓಡಿಸ್ತಾ ಕೂರುತ್ತೆ" ಅಂದರು ಸ್ಟ್ರಟ್ ಹಾಕಿದ ಗ್ಯಾರೇಜಿನವರು. ತಿಂಗಳು ಪೂರ್ತಿ ತೀರ್ಥಹಳ್ಳಿಗೆ ಓಡಾಡಿದೆ, ಕೂರಲಿಲ್ಲ. ಟೈರ್ ಗಾಳಿ ನೋಡಿಸಿದೆ, ಚಕ್ರ ಅದಲುಬದಲು ಮಾಡಿದೆ, ಎರಡು ಸಲ ಅಲೈನ್‌ಮೆಂಟ್ ಮಾಡಿಸಿದೆ. ಅಲೈನ್‌ಮೆಂಟ್ ಸರಿಮಾಡುವುದು ಚಕ್ರದ ಕೋನವನ್ನು, ಎತ್ತರವನ್ನಲ್ಲ.

ತಪ್ಪು ಎರಡಿತ್ತು. ಎಡಗಡೆ ಸ್ಪ್ರಿಂಗಿನ ಕೆಳತುದಿ ಸ್ಟ್ರಟ್ ತಟ್ಟೆಯ ತಗ್ಗಿನಲ್ಲಿ ಕೂರದೆ ಅಂಚಿನ ಮೇಲೆ ಹತ್ತಿತ್ತು. ಸ್ಟ್ರಟ್ ಬಿಚ್ಚಿ, ಸ್ಪ್ರಿಂಗ್ ಅದುಮುವ ಸಾಧನವಾದ ಕಂಪ್ರೆಸರ್‌ನಲ್ಲಿ ಸ್ಪ್ರಿಂಗ್ ಅದುಮಿ, ತಿರುಗಿಸಿ ಕೂರಿಸಿದೆವು. ಕಂಪ್ರೆಸರ್ ಇಲ್ಲದೆ ಮೇಲಿನ ನಟ್ ಮುಟ್ಟಲೇಬೇಡಿ, ಸ್ಪ್ರಿಂಗ್ ಸಿಡಿಯುತ್ತದೆ.

ಎರಡನೆಯದೇ ಮುಖ್ಯ. ಲೋವರ್ ಆರ್ಮ್ (ಚಕ್ರವನ್ನು ಕೆಳಗಿನಿಂದ ಬಾಡಿಗೆ ಜೋಡಿಸುವ ತೋಳು) ಬೋಲ್ಟನ್ನು ಕಾರು ಜಾಕ್ ಮೇಲಿದ್ದು ಚಕ್ರ ಜೋತುಬಿದ್ದಾಗಲೇ ಬಿಗಿದಿದ್ದರು. ಬೋಲ್ಟ್ ಸುತ್ತಲಿನ ಬುಷ್ ರಬ್ಬರ್ ಆ ಸ್ಥಿತಿಯಲ್ಲೇ ಹಿಡಿದುಕೊಳ್ಳುತ್ತದೆ. ಕಾರು ಇಳಿಸಿದಾಗ ತಿರುಚಿಕೊಂಡು ಬಾಡಿಯನ್ನು ಮೇಲಕ್ಕೆ ತಳ್ಳುತ್ತದೆ. ಬೇಗ ಹರಿದೂ ಹೋಗುತ್ತದೆ. ಹಾಗಾಗಿ ಎರಡೂ ಕಡೆ ಬೋಲ್ಟ್ ಸ್ವಲ್ಪ ಸಡಿಲಿಸಿ, ತೆಗೆಯಬೇಡಿ. ಕಾರನ್ನು ಪಿಟ್ (ಕೆಳಗೆ ಇಳಿದು ಕೆಲಸ ಮಾಡುವ ಗುಂಡಿ) ಮೇಲೆ ನಾಲ್ಕೂ ಚಕ್ರದಲ್ಲಿ ನಿಲ್ಲಿಸಿ. ಕೈಯಲ್ಲಿ ನಾಲ್ಕಡಿ ಹಿಂದೆ ಮುಂದೆ ತಳ್ಳಿ, ಮುಂಭಾಗವನ್ನು ಐದಾರು ಸಲ ಒತ್ತಿ ಬಿಡಿ. ಭಾರ ಚಕ್ರದ ಮೇಲಿರುವಾಗಲೇ, ಆ ಕಾರಿನ ಮ್ಯಾನುಯಲ್‌ನಲ್ಲಿರುವಷ್ಟೇ ಟಾರ್ಕ್ ರೆಂಚಿನಲ್ಲಿ (ಬಿಗಿಯುವ ಬಲ ಅಳೆಯುವ ಸ್ಪ್ಯಾನರ್) ಬಿಗಿಯಿರಿ. ಅಲೈನ್‌ಮೆಂಟ್ ಇದಾದ ಮೇಲೆ.

ಈಗ ಎಡ 375, ಬಲ 374. ಶಬ್ದ ನಿಂತಿದೆ.