ಉಪ್ಪರಿಗೆ ಹಲಗೆಗೆ ಕೊನೆಗೂ ಹೊಂದಿದ ಪಾಲಿಶ್

ತೀರ್ಥಹಳ್ಳಿ ಹತ್ತಿರದ ನಮ್ಮ ಮನೆಯ ಉಪ್ಪರಿಗೆಗೆ ಅಜ್ಜನ ಕಾಲದ ಹೊನ್ನೆ ಹಲಗೆ ಹಾಸಿದೆ. ಎರಡು ವರ್ಷದ ಹಿಂದೆ ಅದಕ್ಕೆ ಫ್ರೆಂಚ್ ಪಾಲಿಶ್ ಹಾಕಿಸಿದೆವು. ಕನ್ನಡಿ ಹಾಗೆ ಹೊಳೆಯಿತು. ಮಳೆ ಹಿಡಿದದ್ದೇ ತಡ, ಒದ್ದೆ ಕಾಲಿಟ್ಟಲ್ಲೆಲ್ಲ ಬಿಳಿ ಕಲೆ. ಬಿಸಿ ಕಷಾಯದ ಲೋಟ ಇಟ್ಟ ಜಾಗದಲ್ಲಿ ಬಳೆಯಂಥ ಗುರುತು. ಅಮ್ಮನಿಗೆ ಅದನ್ನು ನೋಡಿದಾಗಲೆಲ್ಲ ಬೇಜಾರು.

ಫ್ರೆಂಚ್ ಪಾಲಿಶ್ ಅಂದರೆ ಸ್ಪಿರಿಟ್‌ನಲ್ಲಿ ಕರಗಿಸಿದ ಅರಗು. ನೀರು, ಬಿಸಿ ಎರಡನ್ನೂ ತಡೆಯುವುದಿಲ್ಲ. ಪೆಟ್ಟಿಗೆ, ಕುರ್ಚಿಗೆ ಚೆಂದ, ನಡೆದಾಡುವ ನೆಲಕ್ಕಲ್ಲ. ಅಗಸೆ ಎಣ್ಣೆ ಹಚ್ಚೋಣ ಎಂದುಕೊಂಡೆ. ನಮ್ಮ ಥಂಡಿಗೆ ಅದು ಬೂಷ್ಟು ಹಿಡಿಯುತ್ತದೆ, ಬಿಟ್ಟೆ.

ಕೊನೆಗೆ ಆರಿಸಿದ್ದು ಹಾರ್ಡ್‌ನರ್ (ಗಟ್ಟಿಯಾಗಿಸುವ ದ್ರವ) ಬೆರೆಸಿ ಹಚ್ಚುವ ಪಿಯು, ಅಂದರೆ ಪಾಲಿಯುರೆಥೇನ್ ಪಾಲಿಶ್, ಹೊಳಪಿಲ್ಲದ ಮ್ಯಾಟ್. ಅಡಿಕೆ ಕೊಯ್ಲು ಮುಗಿಸಿ ಫೆಬ್ರವರಿಯಲ್ಲಿ ಕೆಲಸ ಹಿಡಿದೆವು. ಹಲಗೆ ಚೆನ್ನಾಗಿ ಒಣಗಿರಬೇಕಲ್ವಾ? ಹಳೇ ಅರಗು ತೆಗೆಯೋದೇ ದೊಡ್ಡ ಕೆಲಸ. ಸುಮ್ನೆ ಉಜ್ಜಿದರೆ ಬಿಸಿಗೆ ಮೆತ್ತಗಾಗಿ ಉಜ್ಜುಕಾಗದಕ್ಕೆ ಅಂಟುತ್ತದೆ. ಸ್ಪಿರಿಟ್ ಅದ್ದಿದ ಬಟ್ಟೆಯಲ್ಲಿ ಒರೆಸಿದಾಗ ಬೆಲ್ಲದ ಪಾಕದ ಹಾಗೆ ಬಿಟ್ಟುಕೊಂಡಿತು. ಆಮೇಲೆ 60, 100, 150 ನಂಬರಿನ ಕಾಗದ. ಕಿಟಕಿ ತೆರೆದು, ಮಾಸ್ಕ್ ಹಾಕಿ, ಮೂರು ತೆಳು ಕೋಟ್. ನಡುವೆ 320ರಲ್ಲಿ ಹಗುರವಾಗಿ ಉಜ್ಜಿದೆವು. ಬೆರೆಸಿದ್ದು ಬೇಗ ಗಟ್ಟಿಯಾಗುತ್ತದೆ, ಒಂದೇ ಸಲ ಜಾಸ್ತಿ ಬೆರೆಸಿಡಬೇಡಿ. ಹಲಗೆ ಸಂದು ತುಂಬಲಿಲ್ಲ, ಮಳೆಗಾಲದಲ್ಲಿ ಮರ ಉಬ್ಬಲು ಜಾಗ ಬೇಕು. ಒಂದು ವಾರ ಸಾಮಾನು ಇಡಲಿಲ್ಲ.

ಈ ಮಳೆಗಾಲ ಪೂರ್ತಿ ಕಳೆಯಿತು. ಚೆಲ್ಲಿದ ನೀರು ಹನಿಯಾಗಿ ಮೇಲೇ ನಿಲ್ಲುತ್ತದೆ, ಒರೆಸಿದರೆ ಕಲೆಯಿಲ್ಲ. ಅಮ್ಮ ಈಗ ಕಷಾಯ ಹಿಡಿದು ಅಲ್ಲೇ ಕೂರುತ್ತಾರೆ.