ಊಟದ ಜಾಗವಿಲ್ಲದ ಮನೆಯನ್ನು ಒಪ್ಪುವ ಮೊದಲು ನಾವು ಮಾಡಿದ ಪರೀಕ್ಷೆ: ನನ್ನ ಅನುಭವ

ಸಣ್ಣ ಮನೆಗಳ ಒಳಾಂಗಣ ಕೆಲಸ ಮಾಡುವ ನಮಗೆಲ್ಲ ಪದೇಪದೇ ಎದುರಾಗುವ ಪ್ರಶ್ನೆಯೊಂದಿದೆ: ಊಟಕ್ಕೆಂದು ಪ್ರತ್ಯೇಕ ಜಾಗವಿಲ್ಲದ ಮನೆ ಈ ಕುಟುಂಬಕ್ಕೆ ಹೊಂದೀತೇ, ಇಲ್ಲವೇ? ಸಾಮಾನ್ಯವಾಗಿ ನಾವು ನಕ್ಷೆ ನೋಡಿ, ಮೇಜಿನ ಅಂಚು ತಲೆಗೆ 60 ಸೆಂಟಿಮೀಟರ್‌ನಂತೆ ಲೆಕ್ಕ ಹಾಕಿ, ಮಡಚುವ ಮೇಜೊಂದನ್ನು ಯಾವುದೋ ಗೋಡೆಗೆ ಬರೆದುಕೊಟ್ಟು ಕೈತೊಳೆದುಕೊಳ್ಳುತ್ತೇವೆ. ಮೇಜು ಆ ಜಾಗದಲ್ಲಿ ಕೂರುತ್ತದೆ ಎಂದಮಾತ್ರಕ್ಕೆ ಕುಟುಂಬವೂ ಅಲ್ಲಿ ಕೂರುತ್ತದೆ ಎಂದೇನಿಲ್ಲ. ನಮ್ಮದೇ ಸಂಸಾರಕ್ಕೆ ಅಂಥ ಮನೆಯೊಂದು ಸಿಕ್ಕಾಗ, ಕರಾರಿಗೆ ಸಹಿ ಹಾಕುವ ಮೊದಲು ಹೊಸ ಮನೆಯ ಹಜಾರವನ್ನು ಹಳೆಯ ಮನೆಯ ನೆಲದ ಮೇಲೆ ಮಾಸ್ಕಿಂಗ್ ಟೇಪಿನಲ್ಲಿ ಬರೆದು, ತಿಂಗಳಿಗೂ ಮಿಕ್ಕಿದ ಕಾಲ ಐದು ಜನರ ಊಟವನ್ನು ಆ ಗೆರೆಗಳೊಳಗೇ ನಡೆಸಿದೆ. ಮನೆಯನ್ನು ಅಷ್ಟು ದಿನ ಹಿಡಿದಿಡಲು ಮಾಲೀಕರಿಗೆ ಅರ್ಧ ತಿಂಗಳ ಬಾಡಿಗೆಯಷ್ಟು ಹಣ ತೆರಬೇಕಾಯಿತು. ಅದಕ್ಕಿಂತ ಸಾರ್ಥಕವಾಗಿ ನಾನು ಮನೆಯ ವಿಷಯದಲ್ಲಿ ಬೇರೆ ಖರ್ಚು ಮಾಡಿದ್ದು ನೆನಪಿಲ್ಲ.

ಹೊಸ ಹಜಾರ ಸುಮಾರು 3.3 ಮೀಟರ್‌ಗೆ 4.2 ಮೀಟರ್ ಇತ್ತು. ಗೋಡೆಗಳ ಗೆರೆಯನ್ನಷ್ಟೇ ಎಳೆದರೆ ಏನೂ ಗೊತ್ತಾಗುವುದಿಲ್ಲ; ಸೋಫಾ ಮತ್ತು ಕಪಾಟು ಬರುವ ಕಡೆ ರಟ್ಟಿನ ಪೆಟ್ಟಿಗೆಗಳನ್ನು ನಿಜವಾದ ಎತ್ತರಕ್ಕೇ ಪೇರಿಸಿದೆ, ಏಕೆಂದರೆ ನೆಲದ ಗೆರೆಯನ್ನು ದಾಟುವ ಕಾಲು ಪೆಟ್ಟಿಗೆಯನ್ನು ದಾಟುವುದಿಲ್ಲ. ಮುಂಬಾಗಿಲು ಒಳಕ್ಕೆ ತೆರೆಯುವ ಅರ್ಧಚಂದ್ರವನ್ನು ದಾರ ಹಿಡಿದು ಗುರುತಿಸಿದಾಗ, ಮನೆ ತೋರಿಸಿದ ದಲ್ಲಾಳಿ ‘ನಾಲ್ಕು ಜನರ ಮೇಜು ಆರಾಮಾಗಿ ಬರುತ್ತದೆ’ ಎಂದು ಬೆರಳು ತೋರಿಸಿದ್ದ ಮೂಲೆಯಲ್ಲಿ ಅರ್ಧದಷ್ಟು ಬಾಗಿಲಿಗೇ ಹೋಯಿತು. ನಮ್ಮ ಹಳೆಯ ಆರು ಜನರ ಮೇಜನ್ನು ಮಲಗುವ ಕೋಣೆಗೆ ತಳ್ಳಿ, ಯಾರೂ ಕದ್ದು ಬಳಸದಂತೆ ಅದರ ಮೇಲೆ ಪುಸ್ತಕದ ಗಂಟುಗಳನ್ನು ಹೇರಿದೆ.

ನಮ್ಮ ಭಾವನವರು ಇದನ್ನು ನೋಡಿ, ಮನೆ ನೋಡಬೇಕಾದರೆ ಮನೆಯನ್ನೇ ನೋಡಬೇಕು, ನೆಲಕ್ಕೆ ಟೇಪು ಮೆತ್ತಿದರೆ ಏನು ತಿಳಿಯುತ್ತದೆ ಎಂದು ನಕ್ಕರು. ಜೊತೆಯಲ್ಲಿ ಕೆಲಸ ಮಾಡುವ ಒಬ್ಬರು ಎತ್ತಿದ ಆಕ್ಷೇಪ ಅದಕ್ಕಿಂತ ಗಟ್ಟಿಯಾದದ್ದು: ಪರೀಕ್ಷೆ ನಡೆಯುತ್ತಿದೆ ಎಂದು ಗೊತ್ತಿದ್ದರೆ ಮನೆಯವರೆಲ್ಲರೂ ಶಿಸ್ತಿನಿಂದ ಇರುತ್ತಾರೆ, ಆದ್ದರಿಂದ ಬರುವ ಲೆಕ್ಕವೇ ಸುಳ್ಳು ಎಂಬುದು. ಆ ಮಾತು ಮೊದಲ ವಾರಕ್ಕೆ ನೂರಕ್ಕೆ ನೂರು ನಿಜ. ಹಾಗಾಗಿ ಮೊದಲ ವಾರದ ಅಂಕಿಗಳನ್ನು ನಾನು ಲೆಕ್ಕಕ್ಕೇ ಹಿಡಿಯಲಿಲ್ಲ. ಎರಡನೆಯ ವಾರದ ಹೊತ್ತಿಗೆ ಮಕ್ಕಳಿಗೆ ಬೇಸರ ಬರುತ್ತದೆ, ದೊಡ್ಡವರು ಸೋಮಾರಿಗಳಾಗುತ್ತಾರೆ. ಅಲ್ಲಿಂದಾಚೆಗಿನದೇ ನಿಜವಾದ ಅಳತೆ.

ಅಡುಗೆಮನೆಯ ಬಾಗಿಲಿಗೆ ಒಂದು ನೋಟ್‌ಬುಕ್ ತೂಗುಹಾಕಿ, ಪ್ರತಿ ಊಟಕ್ಕೂ ಕೆಲವು ಕಾಲಂಗಳನ್ನು ತುಂಬುತ್ತಿದ್ದೆವು: ಊಟ ಎಲ್ಲಿ ನಡೆಯಿತು, ಒಟ್ಟಿಗೆ ಕೂತವರು ಎಷ್ಟು ಜನ, ಊಟಕ್ಕೆ ಮುಂಚೆ ಮೇಜು ತೆರವು ಮಾಡಲು ಎಷ್ಟು ನಿಮಿಷ ಹಿಡಿಯಿತು. ಇನ್ನೊಂದು ಕಾಲಮ್ಮೂ ಇದೆ. ಅದು ನನ್ನ ಹೊಟ್ಟೆಪಾಡಿಗೆ ಸಂಬಂಧಿಸಿದ್ದಾದ್ದರಿಂದ ಇಲ್ಲಿ ಬರೆಯುವುದಿಲ್ಲ. ತೆರವಿನ ನಿಮಿಷಗಳೇ ಎಲ್ಲವನ್ನೂ ಹೇಳಿಬಿಟ್ಟವು. ಮೂರು ಹೊತ್ತಿನ ಊಟವನ್ನು ಕೂಡಿಸಿದರೂ ಮೇಜಿನ ಮೇಲೆ ಊಟಕ್ಕೆ ಹೋಗುತ್ತಿದ್ದುದು ದಿನಕ್ಕೆ ಒಂದೂವರೆ ಗಂಟೆ ಇರಬಹುದು. ಉಳಿದಂತೆ ಅದೇ ಮೇಜಿನ ಮೇಲೆ ಮಗಳ ಹೋಮ್‌ವರ್ಕ್, ನನ್ನ ಲ್ಯಾಪ್‌ಟಾಪ್, ಮಡಚಬೇಕಾದ ಬಟ್ಟೆ, ಅತ್ತೆಯವರ ಹೊಲಿಗೆ ಯಂತ್ರ, ಇವೆಲ್ಲ ಸೇರಿ ಐದಾರು ಗಂಟೆ ನಡೆಯುತ್ತಿತ್ತು. ಟೇಪಿನೊಳಗೆ ಒಂದೇ ಒಂದು ಮೇಜಿದ್ದಾಗ ಪ್ರತಿ ಊಟಕ್ಕೂ ಇದನ್ನೆಲ್ಲ ಎತ್ತಿಡಲು ಹತ್ತು ಹನ್ನೆರಡು ನಿಮಿಷ ಬೇಕಾಗುತ್ತಿತ್ತು. ತೆರವಿನ ಸಮಯ ಐದು ನಿಮಿಷವನ್ನು ದಾಟಿದ ದಿನಗಳಲ್ಲೆಲ್ಲ ಒಬ್ಬರು ಸೋಫಾದಲ್ಲಿ, ಒಬ್ಬರು ಅಡುಗೆಕಟ್ಟೆಯ ಬಳಿ ನಿಂತು, ಇನ್ನೊಬ್ಬರು ತಟ್ಟೆ ಹಿಡಿದು ಕೋಣೆಗೆ ಹೋಗುವುದು ಶುರುವಾಗುತ್ತಿತ್ತು. ಅದನ್ನು ಮೂರು ನಿಮಿಷಕ್ಕೆ ಇಳಿಸಿದ ಮೇಲೆ, ಯಾರಿಗೂ ಏನೂ ಹೇಳದಿದ್ದರೂ ಐವರೂ ಮತ್ತೆ ಒಟ್ಟಿಗೆ ಕೂರತೊಡಗಿದರು.

ಇಳಿಸಿದ್ದು ಹೇಗೆಂದರೆ, ಊಟದ ಮೇಜಿಗೆ ಜಾಗ ಹುಡುಕುವುದನ್ನು ಬಿಟ್ಟು, ಊಟದ ಹೊತ್ತಿಗೆ ಉಳಿದ ಕೆಲಸಗಳು ಹೋಗಿ ನಿಲ್ಲುವ ಜಾಗವನ್ನು ಹುಡುಕಿದೆ. ಗೋಡೆಯುದ್ದಕ್ಕೂ ಬರೀ 38 ಸೆಂಟಿಮೀಟರ್ ಅಗಲದ ಹಲಗೆಯೊಂದನ್ನು 73ರ ಎತ್ತರಕ್ಕೆ ಹಾಕಿದರೆ ನೋಟ್‌ಬುಕ್ಕಿಗೂ ಲ್ಯಾಪ್‌ಟಾಪಿಗೂ ಅದು ಧಾರಾಳ ಸಾಕು, ಮತ್ತು ಊಟ ಬಂದಾಗ ಅಲ್ಲಿಂದ ಏನನ್ನೂ ಎತ್ತಬೇಕಿಲ್ಲ. ಹೊಲಿಗೆ ಯಂತ್ರಕ್ಕೆ ಚಕ್ರದ ಪೆಟ್ಟಿಗೆ ಮಾಡಿಸಿದ ಮೇಲೆ ಸೂಜಿಯಲ್ಲಿ ದಾರ ಪೋಣಿಸಿದ್ದು ಪೋಣಿಸಿದಂತೆಯೇ ಸೋಫಾದ ಪಕ್ಕಕ್ಕೆ ಸರಿಯುತ್ತದೆ. ಇವೆರಡಕ್ಕೂ ಸೇರಿ ತಿಂಗಳ ಬಾಡಿಗೆಯ ಹತ್ತನೆಯ ಒಂದು ಭಾಗವೂ ಖರ್ಚಾಗಲಿಲ್ಲ.

ಹಣ ನೀರಿನಂತೆ ಹರಿದದ್ದು ಬೇರೆ ಕಡೆ. ಮೇಲ್ಭಾಗ ಎತ್ತಿ ಮುಂದಕ್ಕೆ ಬರುವ ಟೀಪಾಯಿಯೊಂದನ್ನು ಪರೀಕ್ಷೆಯ ನಡುವೆಯೇ ತಂದೆವು. ಅದಕ್ಕೆ ತಿಂಗಳ ಬಾಡಿಗೆಯ ಅರ್ಧಕ್ಕಿಂತ ಹೆಚ್ಚು ಬಿತ್ತು. ಸೋಫಾದ ಮೆತ್ತೆ ಕೂತಕೂಡಲೇ ತಗ್ಗುವುದರಿಂದ ಮೇಜು ಎದೆಯ ಮಟ್ಟಕ್ಕೆ ಬರುತ್ತಿತ್ತು, ಊಟ ಮಾಡುವವರು ಭುಜ ಎತ್ತಿಕೊಂಡೇ ಇರಬೇಕಿತ್ತು. ಒಳಗೆ ಕೂತವರು ನೀರಿಗೆ ಏಳಬೇಕೆಂದರೆ ಎಲ್ಲರೂ ತಟ್ಟೆ ಹಿಡಿದುಕೊಂಡು ಮೇಲ್ಭಾಗವನ್ನು ಹಿಂದಕ್ಕೆ ತಳ್ಳಬೇಕು. ಮಂಡಿಗೆ ಜಾಗವಿದ್ದದ್ದು ಇಬ್ಬರಿಗೆ ಮಾತ್ರ. ಕೊಂಡ ಬೆಲೆಯ ಮೂರನೆಯ ಒಂದು ಭಾಗಕ್ಕೆ ಅದನ್ನು ಮಾರಿದೆವು. ಅಡುಗೆಕಟ್ಟೆಗೆ ಎತ್ತರದ ಸ್ಟೂಲು ಹಾಕುವ ಸಲಹೆಯನ್ನು ನೀವೆಲ್ಲ ಕೊಟ್ಟಿರುತ್ತೀರಿ, ನಾನೂ ಕೊಟ್ಟಿದ್ದೇನೆ. 90 ಸೆಂಟಿಮೀಟರ್ ಕಟ್ಟೆಗೆ 65ರ ಸ್ಟೂಲು ಸರಿಯೇ. ಆದರೆ ಮಂಡಿ ಒಳಕ್ಕೆ ಹೋಗಲು ಕಲ್ಲು ಕನಿಷ್ಠ 25 ಸೆಂಟಿಮೀಟರ್ ಮುಂದಕ್ಕೆ ಚಾಚಿರಬೇಕು, ಬಾಡಿಗೆ ಮನೆಯ ಕಟ್ಟೆಯನ್ನು ಕೊರೆಯಲು ಯಾರೂ ಬಿಡುವುದಿಲ್ಲ. ಸ್ಟೂಲುಗಳು ಎರವಲಿನವಾದ್ದರಿಂದ ನಷ್ಟವಾಗಲಿಲ್ಲ. ಅತ್ತೆಯವರಂತೂ ಅದನ್ನು ಒಮ್ಮೆ ನೋಡಿ, ‘ಇದರ ಮೇಲೆ ಹತ್ತುವುದು ನೀನೇ ಹತ್ತಪ್ಪ’ ಎಂದುಬಿಟ್ಟರು.

ಹೊಸ ಮನೆಗೆ ಬಂದ ಮೇಲೆ ಗೋಡೆಗೆ ಮಡಚುವ ಮೇಜು, 120ಕ್ಕೆ 75ರದು, ಬ್ರಾಕೆಟ್ ಮೇಲೆ ನಿಲ್ಲಿಸಿದೆವು. ತಟ್ಟೆ ಪಾತ್ರೆಗಳ ಭಾರಕ್ಕೆ ಅದು ಜಗ್ಗಲಿಲ್ಲ. ಜಗ್ಗಿದ್ದು ಅತ್ತೆಯವರು ಏಳುವಾಗ ಹೊರ ಅಂಚಿನ ಮೇಲೆ ಅಂಗೈ ಊರಿದಾಗ. ಟೊಳ್ಳು ಇಟ್ಟಿಗೆಯ ಗೋಡೆಯಲ್ಲಿ ಸ್ಕ್ರೂ ಹಿಡಿದಿಡುವ ಪ್ಲಗ್ಗು ಸಡಿಲಾಗಿ, ಮೇಲಿನ ಸ್ಕ್ರೂ ಸುತ್ತ ಬೂದಿಯಂತೆ ಪುಡಿ ಉದುರತೊಡಗಿತು. ಏಳುವವರು ಮೇಜನ್ನು ಒತ್ತಿಯೇ ಏಳುತ್ತಾರೆ, ಮೇಜಿನ ಭಾರವನ್ನು ಲೆಕ್ಕ ಹಾಕುವಾಗ ಆ ಒತ್ತಡವನ್ನೇ ಮೊದಲು ಸೇರಿಸಬೇಕು. ಈಗಿರುವುದಕ್ಕೆ 18 ಮಿಲಿಮೀಟರ್ ಪ್ಲೈವುಡ್, ಗೋಡೆಯುದ್ದಕ್ಕೂ ಹಲವು ಕಡೆ ಬಿಗಿದ ಮರದ ಪಟ್ಟಿ, ನೆಲಕ್ಕೆ ಇಳಿಯುವ ಮಡಚುಗಾಲು. ಆ ಕಾಲು ತಾನಾಗಿ ಲಾಕ್ ಆಗುವ ಬಗೆಯನ್ನು ನನ್ನ ಬಡಗಿಗೂ ಅರ್ಧವೇ ಹೇಳಿದ್ದೇನೆ. ಟೀಪಾಯಿಗೆ ಸುರಿದದ್ದರ ಐದನೆಯ ಒಂದು ಭಾಗದಲ್ಲಿ ಇಡೀ ಕೆಲಸ ಮುಗಿಯಿತು, ಅದರಲ್ಲೂ ಅರ್ಧದಷ್ಟು ಬಿಜಾಗರಿಗಳಿಗೇ ಹೋಯಿತು.

ಮೇಜಿನ ಮೇಲಿನ ದೀಪದ ವಿಷಯದಲ್ಲೂ ಸ್ವಲ್ಪ ಆಟವಾಡಿದ್ದೆ. ಮೇಜಿನಿಂದ 75 ಸೆಂಟಿಮೀಟರ್ ಮೇಲಕ್ಕೆ ತೂಗುದೀಪ ಇಟ್ಟ ಸಂಜೆಗಳಲ್ಲಿ ಮಕ್ಕಳು ಕರೆಯದೆಯೇ ಬಂದು ಕೂರುತ್ತಿದ್ದರು; ಆದರೆ ಮೇಜು ಮಡಚಿದ ಮೇಲೆ ಆ ದೀಪ ದೊಡ್ಡವರ ಹಣೆಗೆ ಬಡಿಯುತ್ತಿತ್ತು. ಗೋಡೆಯಿಂದ ತಿರುಗುವ ತೋಳಿನ ದೀಪ ಅದಕ್ಕೆ ಪರಿಹಾರವಾಯಿತು. ಒಲೆಯಿಂದ ಮೇಜಿಗೆ ನಡೆಯುವ ದೂರವನ್ನೂ ಅಳೆದೆ, ಒಂದು ತಿರುವು ಸೇರಿ ನಾಲ್ಕು ಮೀಟರ್ ಬಂತು. 1926ರಲ್ಲಿ ಆಸ್ಟ್ರಿಯಾದ ವಾಸ್ತುಶಿಲ್ಪಿ ಮಾರ್ಗರೆಟೆ ಶ್ಯೂಟೆ-ಲಿಹೋಟ್ಸ್ಕಿ ಜರ್ಮನಿಯ ಸಣ್ಣ ಮನೆಗಳಿಗೆಂದು ರೂಪಿಸಿದ ಫ್ರಾಂಕ್‌ಫರ್ಟ್ ಅಡುಗೆಮನೆಯಲ್ಲಿ ಊಟವನ್ನು ಪಕ್ಕದ ವಾಸದ ಕೋಣೆಗೆ ಕಳುಹಿಸಿ, ನಡುವೆ ಸರಿಯುವ ಬಾಗಿಲಿಟ್ಟು, ಬಡಿಸುವವರ ಹೆಜ್ಜೆಗಳನ್ನು ಉಳಿಸಿದ್ದರು. ನಮ್ಮ ಮನೆಯ ಗೋಡೆಯನ್ನು ಒಡೆಯುವಂತಿಲ್ಲವಾದ್ದರಿಂದ ಎರಡಂತಸ್ತಿನ ಟ್ರಾಲಿಯಿಂದ ಕೆಲಸ ನಡೆಸಿದೆವು; ಪಾತ್ರೆಗಳೆಲ್ಲ ಒಂದೇ ಸಲಕ್ಕೆ ಹೋಗಿ ಒಂದೇ ಸಲಕ್ಕೆ ಮರಳುತ್ತವೆ.

ಅತಿಥಿಗಳು ಬಂದರೆ ಏನು ಮಾಡುತ್ತೀರಿ ಎಂದು ಕೇಳದವರಿಲ್ಲ. ಐದಕ್ಕಿಂತ ಹೆಚ್ಚು ಜನ ನಮ್ಮಲ್ಲಿ ಊಟಕ್ಕೆ ಕೂತದ್ದು ವರ್ಷಕ್ಕೆ ಹತ್ತೋ ಹನ್ನೆರಡೋ ಬಾರಿ. ಊಟದ ಜಾಗವಿದ್ದ ಇನ್ನೊಂದು ಮನೆಗೆ ಬಾಡಿಗೆ ಸುಮಾರು ಕಾಲುಭಾಗ ಹೆಚ್ಚಿತ್ತು, ಅಂದರೆ ವರ್ಷಕ್ಕೆ ಮೂರು ತಿಂಗಳ ಬಾಡಿಗೆ ಹೆಚ್ಚುವರಿ. ಭಾಗಿಸಿ ನೋಡಿದರೆ ಪ್ರತಿ ಅತಿಥಿಯೂಟಕ್ಕೆ ಒಂದು ವಾರದ ಬಾಡಿಗೆ ಬೀಳುತ್ತಿತ್ತು. ಈ ಲೆಕ್ಕವನ್ನು ಭಾವನವರ ಮುಂದಿಟ್ಟ ಮೇಲೆ ಅವರು ಆ ಮಾತು ಎತ್ತಿಲ್ಲ. ಬಾಗಿಲ ಹಿಂದೆ ತೂಗುಹಾಕಿದ ನಾಲ್ಕು ಮಡಚುಕುರ್ಚಿಗಳ ಮೇಲೆ ಅವರೇ ಎಷ್ಟೋ ಸಲ ಕೂತು ಊಟ ಮಾಡಿದ್ದಾರೆ.

ಅಂದಮಾತ್ರಕ್ಕೆ ಎಲ್ಲರಿಗೂ ಇಂಥ ಮನೆ ಒಗ್ಗುತ್ತದೆ ಎಂದು ನಾನು ಹೇಳುವುದಿಲ್ಲ. ಕುರ್ಚಿಯನ್ನು ಹಿಂದಕ್ಕೆಳೆಯಲು ಮೇಜಿನಂಚಿನಿಂದ 75 ಸೆಂಟಿಮೀಟರ್ ಹೇಗೋ ಸಿಗುತ್ತದೆ. ಕೂತವರ ಬೆನ್ನ ಹಿಂದೆ ಇನ್ನೊಬ್ಬರು ಹಾದುಹೋಗಬೇಕಾದರೆ ಮೀಟರಿಗಿಂತ ಹೆಚ್ಚು ಬೇಕು, ಶೌಚಾಲಯದ ದಾರಿ ಅಲ್ಲೇ ಇದ್ದರೆ ದಿನವೂ ಜಗಳ ತಪ್ಪಿದ್ದಲ್ಲ. ಎಳೆಯ ಮಗುವಿನ ಎತ್ತರದ ಕುರ್ಚಿಯನ್ನು ದಿನಕ್ಕೆ ಮೂರು ಸಲ ತೆಗೆದಿಡುವ ತಾಳ್ಮೆ ಯಾರಿಗೂ ಇರುವುದಿಲ್ಲ, ಅದಕ್ಕೆ ಸ್ಥಿರವಾದ ಮೂಲೆ ಇಲ್ಲದಿದ್ದರೆ ಎರಡು ವರ್ಷ ಕಾಯುವುದು ಲೇಸು. ಗಾಲಿಕುರ್ಚಿ ಬಳಸುವವರಿದ್ದರೆ ತಿರುಗಲು 150 ಸೆಂಟಿಮೀಟರ್ ವೃತ್ತ ಖಾಲಿ ಇರಬೇಕಾದ್ದರಿಂದ ಪರೀಕ್ಷೆಯನ್ನೇ ಮಾಡಿಸುವುದಿಲ್ಲ, ಬೇರೆ ಮನೆ ನೋಡಿ ಎನ್ನುತ್ತೇನೆ. ಮನೆಯಿಂದಲೇ ಕೆಲಸ ಮಾಡುವವರು ಇಬ್ಬರಿದ್ದು, ಇಬ್ಬರ ಮೀಟಿಂಗುಗಳೂ ಊಟದ ಹೊತ್ತಿಗೇ ಬರುವುದಾದರೆ ಹಲಗೆ, ಟ್ರಾಲಿ ಯಾವುದೂ ಉಪಯೋಗಕ್ಕೆ ಬರುವುದಿಲ್ಲ.

ಈಚೆಗೆ ಮನೆ ಆರಿಸುವ ಹಂತದಲ್ಲಿಯೇ ನನ್ನ ಬಳಿಗೆ ಬರುವವರಿಗೆ ಟೇಪು, ಪೆಟ್ಟಿಗೆ, ನೋಟ್‌ಬುಕ್ ಕೊಟ್ಟು ಕಳುಹಿಸುತ್ತೇನೆ, ಮತ್ತು ಅದಕ್ಕೆ ಪ್ರತ್ಯೇಕ ಶುಲ್ಕ ತೆಗೆದುಕೊಳ್ಳುತ್ತೇನೆ. ಮನೆ ಬೇಡ ಎಂದು ಲೆಕ್ಕ ಹೇಳಿದರೆ ಒಳಾಂಗಣದ ಕೆಲಸ ನನ್ನ ಕೈತಪ್ಪುತ್ತದೆ, ಆದರೂ ಶುಲ್ಕ ಅಷ್ಟೇ.